ಬಿಡಿಭಾಗದ ವಿನಾಯಿತಿ: ರಾಸಾಯನಿಕ ಸುರಕ್ಷತಾ ಶಾಸನದ ಒಂದು ಅಧ್ಯಾಯ

ಅಪಾಯಕರ ವಸ್ತುವೊಂದನ್ನು ನಿಷೇಧಿಸುವ ಶಾಸನವು ಮುಂದೆ ತಯಾರಾಗುವ ಸರಕನ್ನು ಸುಲಭವಾಗಿ ಹಿಡಿತಕ್ಕೆ ತರಬಲ್ಲುದು. ಆದರೆ ಆಗಲೇ ಬಳಕೆಯಲ್ಲಿರುವ ಬಾಳಿಕೆಯ ಯಂತ್ರಗಳ ಗತಿಯೇನು? ಅವುಗಳ ಸವೆದ ಭಾಗವನ್ನು ಬದಲಿಸುವಾಗ ಅದೇ ವಸ್ತುವಿನ ಬಿಡಿಭಾಗಕ್ಕೆ ಅವಕಾಶವಿರಬೇಕೆ? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ನಡೆದುಬಂದ ದಾರಿಯನ್ನು ಮೋಟಾರು ವಾಹನದ ಬ್ರೇಕಿನ ನಿದರ್ಶನದಿಂದ ನಾವಿಲ್ಲಿ ಪರಿಶೀಲಿಸಬಹುದು.

ಆಸ್ಬೆಸ್ಟಾಸ್ ಎಂಬ ಕಲ್ನಾರು ಉಷ್ಣವನ್ನೂ ಘರ್ಷಣೆಯನ್ನೂ ತಾಳಬಲ್ಲುದಾದುದರಿಂದ ಬ್ರೇಕ್ ಲೈನಿಂಗುಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಅದರ ಎಳೆಗಳು ಧೂಳಾಗಿ ಶ್ವಾಸಕೋಶವನ್ನು ಸೇರಿದರೆ ಕ್ಯಾನ್ಸರು ಮೊದಲಾದ ರೋಗಗಳು ಹತ್ತಾರು ವರ್ಷಗಳ ಬಳಿಕ ತಲೆದೋರಬಹುದು. 1976ರ ವಿಷವಸ್ತು ನಿಯಂತ್ರಣ ಶಾಸನದ ಅನ್ವಯ ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯು 1989ರಲ್ಲಿ ಕಲ್ನಾರಿನ ಬಹುತೇಕ ಸರಕುಗಳನ್ನು ಹಂತಹಂತವಾಗಿ ನಿಷೇಧಿಸಿತು. ಹೊಸ ವಾಹನಗಳ ಬ್ರೇಕಿಗೆ 1993ರ ಗಡುವನ್ನೂ ಬದಲಿ ಬ್ರೇಕಿಗೆ 1996ರ ಗಡುವನ್ನೂ ವಿಧಿಸಿತು.

ಆ ಗಡುವುಗಳು ಬರುವ ಮುನ್ನವೇ, 1991ರಲ್ಲಿ, ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು ನಿಯಮದ ಹೆಚ್ಚಿನ ಭಾಗವನ್ನು ರದ್ದುಪಡಿಸಿತು. ಕಲ್ನಾರಿಲ್ಲದ ಬ್ರೇಕು ರಸ್ತೆಯ ಮೇಲೆ ಅಷ್ಟೇ ಸುರಕ್ಷಿತವೇ ಎಂಬುದನ್ನು ಸಂಸ್ಥೆಯು ಸಾಕಷ್ಟು ತೂಗಿ ನೋಡಲಿಲ್ಲವೆಂಬುದು ನ್ಯಾಯಾಲಯದ ಆಕ್ಷೇಪಗಳಲ್ಲೊಂದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದು ಬಗೆಯ ಲೈನಿಂಗಿಗೆ ಹೊಂದುವಂತೆ ರಚಿಸಿದ ಬ್ರೇಕಿಗೆ ಬೇರೊಂದನ್ನು ತೊಡಿಸಿದರೆ ಅದರ ಹಿಡಿತ ಬದಲಾಗಬಹುದು.

2016ರ ತಿದ್ದುಪಡಿಯು ಇಂತಹ ತೊಡಕಿಗೆ ಶಾಸನದಲ್ಲಿಯೇ ಉತ್ತರವನ್ನು ಬರೆಯಿತು. 100ಕ್ಕೆ ಕಡಿಮೆಯಿಲ್ಲದ ಘಟಕಗಳಿಂದ ಕೂಡಿ, ಕನಿಷ್ಠ 5 ವರ್ಷ ಬಾಳುವಂತೆ ಉದ್ದೇಶಿಸಿದ ಸರಕನ್ನು ಅದು ಸಂಕೀರ್ಣ ಬಾಳಿಕೆಯ ಸರಕೆಂದು ಕರೆಯಿತು. ನಿಷೇಧದ ನಿಯಮ ಪ್ರಕಟವಾಗುವ ಮೊದಲೇ ವಿನ್ಯಾಸಗೊಂಡ ಅಂತಹ ಸರಕಿನ ಬಿಡಿಭಾಗಗಳಿಗೆ ವಿನಾಯಿತಿಯನ್ನು ವಿಧಿಸಿತು. ಆದರೆ ಆ ಬಿಡಿಭಾಗಗಳೇ ಅಪಾಯಕ್ಕೆ ಗಣನೀಯವಾಗಿ ಕಾರಣವಾದರೆ ವಿನಾಯಿತಿಯಿಲ್ಲ.

ಈ ಕೊನೆಯ ಷರತ್ತಿನಲ್ಲಿಯೇ ವಿಧಿಯ ತಿರುಳಿದೆಯೆಂದು ನಮ್ಮ ಅಭಿಪ್ರಾಯ. ಯಂತ್ರದೊಳಗೆ ಭದ್ರವಾಗಿ ಮುಚ್ಚಿಟ್ಟ ಭಾಗಕ್ಕೂ ಪ್ರತಿ ಸಲ ತುಳಿದಾಗ ಸವೆದು ಧೂಳಾಗುವ ಬ್ರೇಕಿಗೂ ಭೇದವುಂಟು. ಮೊದಲನೆಯದಕ್ಕೆ ರಿಯಾಯಿತಿ ತೋರಿದರೆ ಒಳ್ಳೆಯ ಯಂತ್ರವು ಅಕಾಲದಲ್ಲಿ ಗುಜರಿಗೆ ಹೋಗುವುದು ತಪ್ಪುತ್ತದೆ. ಎರಡನೆಯದಕ್ಕೂ ತೋರಿದರೆ ಅದರ ಬೆಲೆಯನ್ನು ಮುಖ್ಯವಾಗಿ ತೆರಬೇಕಾದವನು ಆ ಧೂಳನ್ನು ಕೊಡವಿ ದುರಸ್ತಿ ಮಾಡುವ ಮೆಕ್ಯಾನಿಕ್.

2024ರ ಮಾರ್ಚಿನಲ್ಲಿ ಪ್ರಕಟವಾದ ಕ್ರಿಸೊಟೈಲ್ ಕಲ್ನಾರಿನ ನಿಷೇಧವು ಬದಲಿ ಬ್ರೇಕುಗಳನ್ನೂ ಒಳಗೊಂಡು, ನಿಯಮ ಜಾರಿಗೆ ಬಂದ ಮೇಲೆ ಅವಕ್ಕೆ 6 ತಿಂಗಳ ಗಡುವನ್ನು ಗೊತ್ತುಪಡಿಸಿತು. ಹೀಗೆ 1989ರಲ್ಲಿ ಎದ್ದ ಪ್ರಶ್ನೆಗೆ ಇನ್ನೊಂದು ವಿಧಿ ದೊರೆಯಲು 35 ವರ್ಷಗಳು ಹಿಡಿದವು. ಈ ಅವಧಿಯಲ್ಲಿ ಹಳೆಯ ವಾಹನಗಳು ದುರಸ್ತಿಗೆ ಬರುತ್ತಲೇ ಇದ್ದವು. ಶಾಸನದ ಚರಿತ್ರೆಯನ್ನು ಓದುವವರು ನಿಷೇಧದ ದಿನಾಂಕದೊಡನೆ ವಿನಾಯಿತಿಯ ವಾಕ್ಯವನ್ನೂ, ಅದು ಯಾರ ಕೈಗೆ ಯಾವ ಧೂಳನ್ನು ಉಳಿಸಿತೆಂಬುದನ್ನೂ ಗಮನಿಸಬೇಕು.