ಟೈರಿನ ಕಚ್ಚುಗಳು

ನೆಲವನ್ನು ತಾಗುವ ರಬ್ಬರಿನ ಹೊರಮೈಯಲ್ಲಿ ಮೂಡಿಸಿದ ಗೀರು, ಕಾಲುವೆ, ದಿಂಡುಗಳ ವಿನ್ಯಾಸ. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ನನು ಪೇಟೆಂಟು ಪಡೆದು, ಜನರು ಮರೆತ ಬಳಿಕ, 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ಮತ್ತೆ ರೂಪಿಸಿದ ಗಾಳಿಟೈರು ಮೊದಮೊದಲು ನುಣುಪಾಗಿಯೇ ಇದ್ದಿತು. ಮಳೆಗಾಲದ ಕೆಸರಿನಲ್ಲಿ ಮೋಟಾರುಗಳು ಅಡ್ಡಡ್ಡಲಾಗಿ ಜಾರತೊಡಗಿದಾಗ ಕೆಲವರು ಉಕ್ಕಿನ ಮೊಳೆ ಬಡಿದ ತೊಗಲಿನ ಪಟ್ಟಿಯನ್ನು ಹೊದಿಸಿದರು. ಜರ್ಮನಿಯ ಕಾಂಟಿನೆಂಟಲ್ ಸಂಸ್ಥೆಯು 1904ರಲ್ಲಿ ಕಚ್ಚುಳ್ಳ ಮೋಟಾರು ಟೈರನ್ನು ಹೊರತಂದಿತು. ನಾಲ್ಕು ವರ್ಷಗಳ ತರುವಾಯ ಅಮೆರಿಕದ ಫೈರ್‌ಸ್ಟೋನ್ ಸಂಸ್ಥೆಯು ತನ್ನ ಹೆಸರನ್ನೂ 'ನಾನ್-ಸ್ಕಿಡ್' ಎಂಬ ಮಾತನ್ನೂ ರಬ್ಬರಿನಲ್ಲಿ ಉಬ್ಬಕ್ಷರಗಳಾಗಿ ಎರೆಯಿಸಲು, ಜಾರುವಿಕೆಗೆ ಮದ್ದೂ ವ್ಯಾಪಾರದ ಜಾಹೀರಾತೂ ಒಂದೇ ಅಚ್ಚಿನಲ್ಲಿ ಮೂಡಿದುವು.

ಕಚ್ಚು ಹೆಚ್ಚಿದಷ್ಟೂ ಹಿಡಿತ ಹೆಚ್ಚೆಂಬ ನಂಬಿಕೆ ಇಂದಿಗೂ ಪ್ರಬಲವಾಗಿದೆಯಾದರೂ, ಒಣಗಿದ ಗಟ್ಟಿ ರಸ್ತೆಯ ಮಟ್ಟಿಗೆ ಅದು ನಿರಾಧಾರವಾದುದು. ಅಲ್ಲಿ ಮೃದುವಾದ ರಬ್ಬರು ಜಲ್ಲಿಯ ಸೂಕ್ಷ್ಮ ಏರಿಳಿತಗಳೊಳಗೆ ಇಳಿದು ಅಂಟಿಕೊಳ್ಳುವುದರಿಂದಲೇ ಹಿಡಿತವುಂಟಾಗುವುದಾಗಿ, ಗೀರು ಕೊರೆದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗುತ್ತದೆ. 1971ರಿಂದ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಬೋಳು ಟೈರುಗಳು ಬಳಕೆಗೆ ಬಂದುದು ಇದೇ ಕಾರಣದಿಂದ.

ಕಚ್ಚಿನ ನಿಜವಾದ ಹಗೆ ನೀರು. ರಸ್ತೆಯ ಮೇಲೆ ನಿಂತ ನೀರಿಗೆ ಪಕ್ಕಕ್ಕೆ ಹರಿಯಲು ದಾರಿಯಿಲ್ಲದಿದ್ದರೆ, ವೇಗವಾಗಿ ಬಂದ ಗಾಲಿಯು ಅದನ್ನು ಸೀಳಲಾರದೆ ಮೇಲಕ್ಕೇರಿ ತೇಲುವುದು. ಆಗ ಸ್ಟಿಯರಿಂಗೂ ಬ್ರೇಕೂ ಸಮಾನವಾಗಿ ನಿಷ್ಫಲ. ವಿಮಾನಗಳ ಗಾಲಿಗಳನ್ನು ಕುರಿತು ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಪ್ರಯೋಗ ನಡೆಸಿದ ಹಾರ್ನ್ ಮತ್ತು ಡ್ರೆಹರ್ ಎಂಬುವರು, ಈ ತೇಲುವಿಕೆಯ ವೇಗವು ಮುಖ್ಯವಾಗಿ ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುವುದೆಂದು 1963ರಲ್ಲಿ ಪ್ರಕಟಿಸಿದರು. ಆ ಲೆಕ್ಕದಂತೆ, ಕಚ್ಚಿನ ಆಳವನ್ನು ಮೀರಿ ನೀರು ನಿಂತಿದ್ದರೆ, ಚದರ ಅಂಗುಲಕ್ಕೆ 30 ಪೌಂಡು ಗಾಳಿಯಿರುವ ಕಾರು ಗಂಟೆಗೆ ಸುಮಾರು 90 ಕಿಲೋಮೀಟರಿಗೆ ತೇಲಬಲ್ಲುದು. ಯೂರೋಪಿನ ಕಾನೂನು 1.6 ಮಿಲಿಮೀಟರ್ ಆಳವನ್ನು ಕನಿಷ್ಠವೆಂದು ವಿಧಿಸಿದೆ. ಆದರೆ ಒದ್ದೆ ನೆಲದ ಹಿಡಿತವು ಅಷ್ಟು ಸವೆಯುವುದಕ್ಕೆ ಬಹು ಮೊದಲೇ ಕುಗ್ಗತೊಡಗುವುದರಿಂದ, ಅದನ್ನು ಸುರಕ್ಷಿತತೆಯ ಗುರುತೆಂದು ಎಣಿಸಲಾಗದು.

ಹಿಮದಲ್ಲಿ ನ್ಯಾಯವೇ ಬೇರೆ. ಅಗಲವಾದ ಅಡ್ಡಗಚ್ಚುಗಳಲ್ಲಿ ಹಿಮವು ಕಿಕ್ಕಿರಿದು ಗಟ್ಟಿಯಾಗಿ, ನೆಲದ ಹಿಮವನ್ನು ತಾನೇ ಹಿಡಿಯುತ್ತದೆ. 1934ರಲ್ಲಿ ಫಿನ್ಲೆಂಡಿನ ಕಾರ್ಖಾನೆಯೊಂದು ಲಾರಿಗಳಿಗಾಗಿ ಚಳಿಗಾಲದ ಟೈರನ್ನು ತಯಾರಿಸಿ, ಎರಡು ವರ್ಷಗಳಲ್ಲಿ ಕಾರುಗಳಿಗೂ ಒದಗಿಸಿತು. ಕೆಸರಿನಲ್ಲಿ ದಿಂಡುಗಳ ನಡುವೆ ಇನ್ನೂ ಹೆಚ್ಚಿನ ತೆರಪಿರಬೇಕು. ಇಲ್ಲವಾದರೆ ಮಣ್ಣು ಮೆತ್ತಿಕೊಂಡು ಟೈರು ಬೋಳಾದಂತೆಯೇ ಸರಿ. ಮಂಜುಗಡ್ಡೆಯ ಮೇಲಾದರೋ, ದಿಂಡುಗಳಲ್ಲಿ ಸೀಳಿದ ಕೂದಲೆಳೆಯಂಥ ಗೀರುಗಳ ಅಂಚುಗಳೂ ಚಳಿಯಲ್ಲಿ ಬಿರುಸಾಗದ ರಬ್ಬರೂ ಕೂಡಿ ಕೆಲಸ ಮಾಡಬೇಕಾಗುತ್ತದೆ.