ಬರ್ರೀ, ಸ್ವಾಗತ, ವೆಲ್‌ಕಮ್



ಎಫ್‌ಎಂ ಹಚ್ಚುವವರಿಗೆಲ್ಲ ಪರಿಚಯವಿರುವ ಮಾತು ‘ವೆಲ್‌ಕಮ್ ಬ್ಯಾಕ್’. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಯಿತಲ್ಲ, ಅಲ್ಲಿಂದೀಚೆಗೆ ಈ ಮಾತು ಊರೂರು ಸುತ್ತಿ ಪುಣೆಗೂ ಬಂದಿದೆ. ಎರಡು ಜಾಹೀರಾತು ಮುಗಿದರೆ ಸಾಕು, ನಮ್ಮಂಥ ಉದ್ಘೋಷಕರ ಬಾಯಿಂದ ತಾನಾಗಿಯೇ ಉದುರುತ್ತದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಆ ಎರಡು ನಿಮಿಷದಲ್ಲಿ ನೀವು ಎಲ್ಲಿಗೂ ಹೋಗಿರಲಿಲ್ಲ. ಒಗ್ಗರಣೆ ಹಾಕುತ್ತಲೋ, ಮಕ್ಕಳ ಯೂನಿಫಾರ್ಮ್‌ಗೆ ಇಸ್ತ್ರಿ ಮಾಡುತ್ತಲೋ ಅಲ್ಲೇ ಇದ್ದಿರಿ. ಎದ್ದು ಹೋಗಿ ಮತ್ತೆ ಬಂದವರು ನಾವು! ಹಾಗಿದ್ದ ಮೇಲೆ ಯಾರು ಯಾರಿಗೆ ವೆಲ್‌ಕಮ್ ಹೇಳಬೇಕು? ಈ ತಿಂಗಳ ಪುಟದಲ್ಲಿ ಆ ಶಬ್ದದ ಜಾತಕವನ್ನೇ ಒಂದಿಷ್ಟು ಬಿಚ್ಚಿ ನೋಡೋಣ.

ಇಂಗ್ಲಿಷಿನ ವೆಲ್‌ಕಮ್ ಮೊದಲಿಗೆ ಹಾರೈಕೆಯೂ ಆಗಿರಲಿಲ್ಲ, ಉಪಚಾರದ ಮಾತೂ ಆಗಿರಲಿಲ್ಲ. ಅದು ಒಬ್ಬ ಮನುಷ್ಯನ ಹೆಸರು. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ವಿಲ್‌ಕುಮಾ’. ‘ವಿಲ್ಲಾ’ ಎಂದರೆ ಇಷ್ಟ, ಸಂತೋಷ. ‘ಕುಮಾ’ ಎಂದರೆ ಬಂದವನು. ಯಾರು ಬಂದರೆ ಮನೆಯವರಿಗೆ ಸಂತೋಷವಾಗುತ್ತದೋ ಅವನೇ ವಿಲ್‌ಕುಮಾ, ಅಂದರೆ ಬೇಕಾದ ಅತಿಥಿ. ಇಲ್ಲಿ ಒಂದು ಸೂಕ್ಷ್ಮವಿದೆ. ಅತಿಥಿ ಬೇಕಾದವನೋ ಬೇಡದವನೋ ಎಂದು ತೀರ್ಮಾನಿಸುವವನು ಮನೆಯ ಯಜಮಾನ. ‘ಬೇವುಲ್ಫ್’ ಎಂಬ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಈ ಶಬ್ದ ಬರುವ ಸಂದರ್ಭ ನೋಡಿ. ಕಾವ್ಯದ ಹಸ್ತಪ್ರತಿಗೆ ಹೆಚ್ಚುಕಡಿಮೆ ಸಾವಿರ ವರ್ಷ ವಯಸ್ಸು. ಸಮುದ್ರ ದಾಟಿ ಬಂದ ವೀರ ಮತ್ತು ಅವನ ಸಂಗಡಿಗರು ಡೇನರ ಅರಸನ ಸಭಾಗೃಹದ ಹೊರಗೆ ಕಾಯುತ್ತಿರುತ್ತಾರೆ. ದೂತ ಒಳಗೆ ಹೋಗಿ ಇವರು ಯಾರು, ಎಲ್ಲಿಯವರು ಎಂದು ಅರಸನಿಗೆ ತಿಳಿಸಬೇಕು. ಅರಸ ಒಪ್ಪಿದ ಮೇಲೆ ದೂತ ಬಾಗಿಲಿಗೆ ಬಂದು, ನೀವು ವಿಲ್‌ಕುಮಾಗಳು, ಒಳಗೆ ಬರಬಹುದು ಎನ್ನುತ್ತಾನೆ. ಗುರಾಣಿ, ಈಟಿಗಳನ್ನು ಮಾತ್ರ ಹೊರಗೇ ಬಿಡಬೇಕು. ನಮ್ಮ ಸೊಸೈಟಿ ಗೇಟಿನ ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ ಕೇಳಿ, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಒಳಗೆ ಬಿಡುತ್ತಾನಲ್ಲ, ಥೇಟ್ ಹಾಗೆಯೇ.

ಮುಂದೆ ‘ವಿಲ್’ ಹೋಗಿ ‘ವೆಲ್’ ಆಯಿತು. ಇಷ್ಟದ ಜಾಗಕ್ಕೆ ಒಳ್ಳೆಯದು ಬಂತು. ಉತ್ತರದಿಂದ ಬಂದ ನಾರ್ಸ್ ಜನರ ‘ವೆಲ್‌ಕೊಮಿನ್’, 1066ರ ನಂತರ ಆಳಲು ಬಂದ ನಾರ್ಮನ್ನರ ಫ್ರೆಂಚಿನ ‘ಬಿಯಾಂ ವೆನ್ಯು’ ಎರಡಕ್ಕೂ ‘ಚೆನ್ನಾಗಿ ಬಂದ’ ಎಂಬುದೇ ಅರ್ಥ. ಅವುಗಳ ಸಹವಾಸದಲ್ಲಿ ಇಂಗ್ಲಿಷ್ ಶಬ್ದ ತಿರುಗಿಕೊಂಡಿತು. ಕನ್ನಡ ಬಿ.ಎ. ಓದಿದವರಿಗೆ ಇಲ್ಲಿ ಕಿವಿ ನಿಮಿರುತ್ತದೆ. ನಮ್ಮ ‘ಸ್ವಾಗತ’ ಬಿಡಿಸಿದರೆ ಏನು? ಸು ಮತ್ತು ಆಗತ, ಯಣ್ ಸಂಧಿ. ಸು ಎಂದರೆ ಚೆನ್ನಾಗಿ, ಆಗತ ಎಂದರೆ ಬಂದ. ವೆಲ್ ಮತ್ತು ಕಮ್! ಸಂಸ್ಕೃತದಿಂದ ನಾವು ತಂದುಕೊಂಡ ಶಬ್ದ, ಇಂಗ್ಲಿಷರು ತಮ್ಮ ನೆರೆಹೊರೆಯಿಂದ ತಿದ್ದಿಕೊಂಡ ಶಬ್ದ, ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ.

ಇನ್ನು ಮದುವೆ ಕಾರ್ಯಾಲಯದ ಕಮಾನುಗಳ ಮೇಲೆ ಬರೆಯುವ ‘ಸುಸ್ವಾಗತ’. ಸ್ವಾಗತದಲ್ಲಿ ಆಗಲೇ ಒಂದು ‘ಸು’ ಇದೆ, ಅದಕ್ಕೆ ಮತ್ತೊಂದು ‘ಸು’ ಅಂಟಿಸಿದ್ದೇವೆ. ಅದೂ ಸಾಲದೆಂದು ‘ಹಾರ್ದಿಕ ಸುಸ್ವಾಗತ’. ಹೃದಯದಿಂದ ಬಂದದ್ದು ಹಾರ್ದಿಕ. ಇಂಗ್ಲಿಷಿನ ‘ಕಾರ್ಡಿಯಲ್’ ಕೂಡ ಹೃದಯಕ್ಕಿರುವ ಲ್ಯಾಟಿನ್ ಶಬ್ದದಿಂದಲೇ ಹುಟ್ಟಿದ್ದು. ಮರಾಠಿಯವರೂ ಹಿಂದೆ ಬಿದ್ದಿಲ್ಲ. ಗಣಪತಿ ಹಬ್ಬದಲ್ಲಿ ಲಕ್ಷ್ಮೀ ರಸ್ತೆಯಲ್ಲಿ ನಡೆದರೆ ‘ಹಾರ್ದಿಕ’ವೂ ಸಿಗುತ್ತದೆ, ‘ಸಹರ್ಷ’ವೂ ಸಿಗುತ್ತದೆ. ಒಂದು ಮಾತು ಸವೆದಂತೆಲ್ಲ ಅದಕ್ಕೆ ವಿಶೇಷಣಗಳ ತೇಪೆ ಹಾಕುತ್ತೇವೆ ಎಂದು ನನಗನಿಸುತ್ತದೆ.

ಸರಿ, ಬಾಗಿಲಲ್ಲಿ ನಿಂತವರಿಗೆ ಕನ್ನಡ ಮನೆ ಏನನ್ನುತ್ತಿತ್ತು? ‘ಸ್ವಾಗತ’ ಎಂದು ಬಾಯಿಬಿಟ್ಟು ಹೇಳಿದ ಅಜ್ಜಿಯನ್ನು ನಾನಂತೂ ಕಂಡಿಲ್ಲ. ಮೈಸೂರು ಕಡೆ ‘ಬನ್ನಿ ಬನ್ನಿ’. ಧಾರವಾಡ, ವಿಜಾಪುರದ ಕಡೆ ‘ಬರ್ರೀ, ಬರ್ರೀ’, ಅದರ ಬೆನ್ನಿಗೇ ‘ಕೂಡ್ರಿ’, ‘ಆರಾಮ ಅದೀರಿ?’, ಆಮೇಲೆ ಕಾಲಿಗೆ ನೀರು, ಕೈಗೆ ಬೆಲ್ಲ. ವೆಲ್‌ಕಮ್ ಎನ್ನುವುದು ಬಂದಾದ ಮೇಲೆ ಕೊಡುವ ಸರ್ಟಿಫಿಕೇಟು. ‘ಬರ್ರೀ’ ಎನ್ನುವಾಗ ಬಂದವರ ಒಂದು ಕಾಲು ಇನ್ನೂ ಹೊಸ್ತಿಲ ಹೊರಗಿರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಇದರ ಮೇಲೆಯೇ ಒಂದು ವಚನ ಹೇಳಿದ್ದಾರೆ. ಬಂದವರನ್ನು ಕ್ಷೇಮ ಕೇಳಿದರೆ, ಕೂತುಕೊಳ್ಳಿ ಎಂದರೆ, ಎರಡು ಮಾತಾಡಿಸಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಶ್ರೀಮಂತಿಕೆಯ ಗರ್ವದವರನ್ನು ಕೇಳುವ ವಚನ. ಕ್ಷೇಮಕ್ಕೆ ಅವರು ಬಳಸಿದ ಶಬ್ದ ‘ಹದುಳ’. ಎಷ್ಟು ಮೆತ್ತಗಿನ ಶಬ್ದ! ಅದನ್ನು ನಾವು ಯಾಕೆ ಕೈಬಿಟ್ಟೆವೋ.

ಮನೆಗೆ ಬಂದವರು ಹೊರಡುವಾಗಲೂ ನೋಡಿ. ಇಂಗ್ಲಿಷಿನವರು ‘ಫೇರ್‌ವೆಲ್’ ಎಂದು ಸುಖಪ್ರಯಾಣ ಹಾರೈಸಿ ಕಳಿಸಿದರು. ನಮ್ಮಲ್ಲಿ ‘ಹೋಗ್ತೀನಿ’ ಎಂದರೆ ಹಿರಿಯರು ಗದರುತ್ತಾರೆ. ‘ಬರ್ತೀನ್ರಿ’ ಎನ್ನಬೇಕು, ಅದಕ್ಕೆ ಉತ್ತರ ‘ಹೂಂ, ಬರ್ರೀ’. ಒಳಗೆ ಕರೆಯುವುದಕ್ಕೂ ಕಳಿಸಿಕೊಡುವುದಕ್ಕೂ ಒಂದೇ ಶಬ್ದ. ನಿಮ್ಮ ಮರಾಠಿ ನೆರೆಯವರೂ ‘ಯೇತೋ’, ‘ಯೇತೆ’ ಎಂದೇ ಹೊರಡುತ್ತಾರೆ, ಅವರಿಗೂ ಮನೆಯವರು ‘ಯಾ’ ಎನ್ನುತ್ತಾರೆ. ಗೂಳ-ಪಾಣಿ ಎಂದು ಬೆಲ್ಲ-ನೀರು ಕೊಡುವ ರೂಢಿ ಅವರಲ್ಲೂ ಇದೆ. ‘ಚಹಾ ಕುಡಿದು ಬಂದಿರೋ, ಹೋಗಿ ಕುಡಿಯುತ್ತೀರೋ’ ಎಂದು ಪುಣೇಕರರು ಕೇಳುತ್ತಾರೆಂಬ ಜೋಕು ನಿಮಗೆ ಗೊತ್ತೇ ಇದೆ. ಅದನ್ನು ಪುಣೇಕರರೇ ಎಲ್ಲರಿಗಿಂತ ಹೆಚ್ಚು ರಸವತ್ತಾಗಿ ಹೇಳುತ್ತಾರೆ, ಅದಕ್ಕಾಗಿ ಅವರನ್ನು ಮೆಚ್ಚಬೇಕು.

ಪುಣೆಯ ಮಾತು ಬಂತಲ್ಲ, ಅಸಲು ವಿಷಯ ಇಲ್ಲಿದೆ. ಸ್ವಾಗತ ಹೇಳುವುದು ಹೊರಗಿನವರಿಗೆ. ಸಂಜೆ ಆಫೀಸಿನಿಂದ ಮನೆಗೆ ಬಂದ ಮಗನಿಗೆ ಯಾವ ತಾಯಿಯೂ ಸ್ವಾಗತ ಎನ್ನುವುದಿಲ್ಲ, ‘ಬಂದ್ಯಾ?’ ಎನ್ನುತ್ತಾಳೆ. ಮರಾಠಿ ತಾಯಿ ‘ಆಲಾಸ್ ಕಾ?’ ಎನ್ನುತ್ತಾಳೆ. ಹಾಗಾದರೆ ಈ ಊರಿನಲ್ಲಿ ಕನ್ನಡದವರಿಗೆ ಯಾವುದು ಸಲ್ಲುತ್ತದೆ?

ಚರಿತ್ರೆ ಕೊಡುವ ಉತ್ತರ ಸರಳವಾಗಿಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯ ಆಡಳಿತದಲ್ಲೇ ಇದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಆ ಭಾಗದ ಹುಡುಗರು ಪದವಿ ಓದಲು ಪುಣೆ, ಮುಂಬಯಿಗಳ ಕಡೆ ಮುಖ ಮಾಡುತ್ತಿದ್ದರು. ದ.ರಾ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. ಮನೆಮಾತು ಮರಾಠಿ, ಕಾವ್ಯದ ಮಾತು ಕನ್ನಡ. ಅವರನ್ನು ಪುಣೆಯಲ್ಲಿ ಅತಿಥಿ ಎನ್ನುವುದು ಹೇಗೆ? ಅವರು ಬಂದದ್ದು ಬೇರೆ ರಾಜ್ಯಕ್ಕಲ್ಲ, ತಮ್ಮದೇ ಪ್ರಾಂತ್ಯದ ದೊಡ್ಡ ಊರಿಗೆ. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರಾದರು. ಅವರ ಹೆಸರಿನಲ್ಲಿ 1953ರಿಂದ ನಡೆದು ಬಂದಿರುವ ಉತ್ಸವ ಪುಣೆಯ ಸ್ವಂತ ಹಬ್ಬ. ಅದನ್ನು ಬೆಳೆಸಿದ ಭೀಮಸೇನ ಜೋಶಿ ಗದಗ ಸೀಮೆಯಿಂದ ಬಂದವರು, ಇದೇ ಊರಿನಲ್ಲಿ ನೆಲೆ ನಿಂತು 2011ರಲ್ಲಿ ಇಲ್ಲೇ ಕಣ್ಮುಚ್ಚಿದರು. ಅವರು ಬಂದಾಗ ಈ ಊರು ‘ಬಂದ್ಯಾ?’ ಎಂದಿತು ಎಂದೇ ನನ್ನ ಲೆಕ್ಕ.

1956ರಲ್ಲಿ ಗೆರೆ ಬಿತ್ತು, 1960ರ ಮೇ 1ಕ್ಕೆ ಮಹಾರಾಷ್ಟ್ರವಾಯಿತು. ಗೆರೆಯ ಆಚೆಯಿಂದ ಬಂದವರು ಅಂದಿನಿಂದ ಹೊರರಾಜ್ಯದವರು, ಅಂದರೆ ‘ಸ್ವಾಗತ’ಕ್ಕೆ ಪಾತ್ರರು. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕನ್ನಡಿಗರಿಗೆ ಅದೂ ಇಲ್ಲ. ಅವರು ಗೆರೆ ದಾಟಿಯೇ ಇಲ್ಲ. ರಾಜ್ಯ ಅವರದೇ, ಭಾಷೆಯಲ್ಲಿ ಮಾತ್ರ ಅವರನ್ನು ‘ಎಲ್ಲಿಯವರು?’ ಎಂದು ಕೇಳಲಾಗುತ್ತದೆ. ಹಿಂಜವಡಿಯ ಕಂಪನಿಗೆ ಸೇರಿದ ಹೊಸ ಹುಡುಗನಿಗೆ ಸಿಗುವ ‘ವೆಲ್‌ಕಮ್ ಕಿಟ್’ನಲ್ಲಿ ಪೆನ್ನು, ಬಾಟಲಿ, ಟೀ ಶರ್ಟು ಇರುತ್ತವೆ. ತಪ್ಪೇನಿಲ್ಲ. ಆದರೆ ಮೂವತ್ತು ವರ್ಷ ಇಲ್ಲಿದ್ದು, ಮಕ್ಕಳನ್ನು ಇಲ್ಲಿಯೇ ಓದಿಸಿ, ಮನೆ ಕಟ್ಟಿಕೊಂಡ ಮೇಲೂ ಸಭೆಗಳಲ್ಲಿ ಹಾರ ಹಾಕಿ ಸ್ವಾಗತಿಸಿದರೆ ಒಳಗೊಳಗೇ ಏನೋ ಚುರುಕ್ ಎನ್ನುತ್ತದೆ, ಅಲ್ಲವೇ? ಹಾಗೆ ಹೇಳಿದ ಕೇಳುಗರು ಒಬ್ಬಿಬ್ಬರಲ್ಲ.

ನಡುವೆ ‘ಯು ಆರ್ ವೆಲ್‌ಕಮ್’ ಬಗ್ಗೆ ಒಂದು ಮಾತು. ಥ್ಯಾಂಕ್ಸಿಗೆ ಉತ್ತರವಾಗಿ ಇದು ಎಲ್ಲರ ಬಾಯಲ್ಲಿ ನಿಂತದ್ದು ಇಪ್ಪತ್ತನೆಯ ಶತಮಾನದಲ್ಲಿ. ಈಗ ಕೆಲವರು ಇದನ್ನು ‘ನಿಮಗೆ ಸ್ವಾಗತ’ ಎಂದು ಕನ್ನಡಕ್ಕೆ ಎಳೆದು ತರುತ್ತಿದ್ದಾರೆ. ಬೇಡ್ರಪ್ಪಾ! ‘ಇರ್ಲಿ ಬಿಡ್ರಿ’, ‘ಅದ್ರಾಗೇನೈತಿ’ ಇರುವಾಗ ಅದೇಕೆ?

ಈಗ ಮತ್ತೆ ರೇಡಿಯೊಕ್ಕೆ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು, ಪುಣೆಯದು 1953ರ ಅಕ್ಟೋಬರ್ 2ರಂದು. ನಾವು ಕೇಳಿ ಬೆಳೆದ ಉದ್ಘೋಷಕರು ನಮಸ್ಕಾರ ಹೇಳಿ, ಇದು ಯಾವ ನಿಲಯ ಎಂದು ತಿಳಿಸಿ ಕೆಲಸ ಶುರು ಮಾಡುತ್ತಿದ್ದರು. ಅಂದರೆ ಹೊರಗೆ ನಿಂತು ನಮಸ್ಕರಿಸಿ, ಇಂಥವರು ಬಂದಿದ್ದೇವೆ ಎಂದು ಹೆಸರು ಹೇಳುವುದು. ಅದು ಅತಿಥಿಯ ಮರ್ಯಾದೆ. ರೇಡಿಯೊ ಇರುವುದು ನಿಮ್ಮ ಮನೆಯಲ್ಲಿ, ನಾವು ಅದರೊಳಗಿಂದ ನಿಮ್ಮ ಅಡುಗೆಮನೆಗೆ ಬಂದವರು. ಬಂದವರೇ ಮನೆಯವರಿಗೆ ‘ಕಾರ್ಯಕ್ರಮಕ್ಕೆ ಸ್ವಾಗತ’ ಎಂದರೆ ಹೇಗಿರುತ್ತದೆ ನೀವೇ ಹೇಳಿ.

ಆದ್ದರಿಂದ ಮುಂದಿನ ವಾರದಿಂದ ನಮ್ಮ ಕನ್ನಡ ಅವಧಿಯ ಶುರುವಿಗೆ ಬರೀ ‘ನಮಸ್ಕಾರ್ರೀ’ ಎಂದು ಹೇಳಿ ನೋಡುವುದಿದೆ. ಜಾಹೀರಾತಿನ ನಂತರ ಏನೆನ್ನಬೇಕೋ ಇನ್ನೂ ಹೊಳೆದಿಲ್ಲ. ನಿಮ್ಮ ಮನೆಯಲ್ಲಿ ಬಂದವರಿಗೆ ಏನನ್ನುತ್ತೀರಿ, ಹೊರಟವರಿಗೆ ಏನನ್ನುತ್ತೀರಿ, ಮರಾಠಿ ಸೊಸೆ ಅಥವಾ ಅಳಿಯ ಬಂದ ಮೇಲೆ ಅದು ಏನಾಗಿದೆ, ನಿಮ್ಮ ಊರಿನ ಹೆಸರಿನೊಂದಿಗೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಪ್ರಸಾರದಲ್ಲಿ ಓದುತ್ತೇವೆ. ಬರ್ತೀನ್ರಿ.