ಮೂತ್ರಾಂಗ ಹಾಗೂ ಜನನಾಂಗಗಳ ಸೋಂಕು: ‘ಉಷ್ಣ’ವೆಂದು ಉಪೇಕ್ಷಿಸದಿರಿ

ಮೂತ್ರ ವಿಸರ್ಜನೆಯ ವೇಳೆ ಉರಿಯಾಗುತ್ತದೆ ಎಂದರೆ ನಮ್ಮ ಮನೆಗಳಲ್ಲಿ ಹಿರಿಯರಿಂದ ಬರುವ ಮೊದಲ ಮಾತು, “ಉಷ್ಣವಾಗಿದೆ, ಬಾರ್ಲಿ ನೀರು ಕುಡಿ.” ಎಳನೀರು, ಜೀರಿಗೆ ಕಷಾಯಗಳೂ ಇದೇ ಸಾಲಿನವು. ನೀರು ಹೆಚ್ಚು ಕುಡಿಯುವುದು ಒಳ್ಳೆಯದೇ. ಆದರೆ ಒಳಗೆ ರೋಗಾಣು ಬೇರೂರಿರುವಾಗ ಕೇವಲ ತಂಪು ಪಾನೀಯವನ್ನು ನಂಬಿ ದಿನ ದೂಡುವುದು ಅಪಾಯಕ್ಕೆ ಎಡೆಮಾಡಿಕೊಡಬಹುದು. ನಾನು ವೈದ್ಯಳಲ್ಲ, ಬ್ಯಾಂಕಿನ ನೌಕರಳು. ಆದರೂ ಸಂಕೋಚದಿಂದ ನಾವು ಬಾಯಿಬಿಡದ ಈ ವಿಷಯವನ್ನು ಓದಿ ತಿಳಿದಷ್ಟು ಇಲ್ಲಿ ಸಂಗ್ರಹಿಸಿದ್ದೇನೆ.

ಮೂತ್ರಾಂಗದ ಸೋಂಕು

ಎರಡು ಮೂತ್ರಪಿಂಡಗಳು, ಅವುಗಳಿಂದ ಇಳಿಯುವ ಎರಡು ನಾಳಗಳು, ಮೂತ್ರಕೋಶ ಹಾಗೂ ಹೊರದಾರಿ, ಇವಿಷ್ಟು ಸೇರಿ ಮೂತ್ರಾಂಗ ವ್ಯೂಹ. ಇಲ್ಲಿನ ಸೋಂಕುಗಳಲ್ಲಿ ಹೆಚ್ಚಿನವುಗಳಿಗೆ ಕಾರಣ ಕರುಳಿನಲ್ಲಿ ಸಹಜವಾಗಿಯೇ ವಾಸಿಸುವ ಇ. ಕೊಲೈ ಎಂಬ ಬ್ಯಾಕ್ಟೀರಿಯ. ಥಿಯೊಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯರು ಇದನ್ನು 1885ರಲ್ಲಿ ವಿವರಿಸಿದರು. ಕರುಳಿನಲ್ಲಿ ನಿರುಪದ್ರವಿಯಾದ ಇದು ಮೂತ್ರದ ದಾರಿ ಹಿಡಿದರೆ ಉಪದ್ರವಿಯಾಗುತ್ತದೆ. ಪುರುಷರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದವಿರುವ ಹೊರದಾರಿ ಸ್ತ್ರೀಯರಲ್ಲಿ ಸುಮಾರು 4 ಸೆಂಟಿಮೀಟರ್ ಮಾತ್ರ, ಗುದದ್ವಾರಕ್ಕೂ ಸಮೀಪ. ಆದುದರಿಂದಲೇ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆಗೆ ಒಳಗಾಗುತ್ತಾರೆ. ಪುರುಷರಲ್ಲಿ ಐವತ್ತರ ನಂತರ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರ ಪೂರ್ಣವಾಗಿ ಹೊರಹೋಗದಿದ್ದಾಗ ಸೋಂಕು ಕಾಣಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆ, ಮೂತ್ರದ ಕಲ್ಲು, ಮೂತ್ರ ತೆಗೆಯಲು ಹಾಕಿದ ಕೊಳವೆ ಇವೂ ಕಾರಣಗಳೇ.

ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆಯ ನೋವು, ಕದಡಿದ ಅಥವಾ ರಕ್ತಮಿಶ್ರಿತ ಮೂತ್ರ, ಇವು ಮೂತ್ರಕೋಶದ ಸೋಂಕಿನ ಲಕ್ಷಣಗಳು. ಚಳಿಜ್ವರ, ಪಕ್ಕೆ ಅಥವಾ ಬೆನ್ನಿನ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಲ್ಲಿಂದ ರಕ್ತಕ್ಕೆ ಹರಡಿದರೆ ಜೀವಕ್ಕೇ ಸಂಚಕಾರ. ಶಿಶುಗಳಲ್ಲಿ ಜ್ವರವೊಂದೇ ಸೂಚನೆಯಾಗಿರಬಹುದು. ಗರ್ಭಿಣಿಯರಲ್ಲಿ ಯಾವ ಲಕ್ಷಣವೂ ಇಲ್ಲದೆ ಮೂತ್ರದಲ್ಲಿ ರೋಗಾಣುಗಳಿರುವುದುಂಟು. ಚಿಕಿತ್ಸೆಯಿಲ್ಲದಿದ್ದರೆ ಅದು ಮೂತ್ರಪಿಂಡಕ್ಕೆ ಏರುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಆದಕಾರಣ ಗರ್ಭದ ಆರಂಭದಲ್ಲಿಯೇ ಮೂತ್ರಪರೀಕ್ಷೆ ಅವಶ್ಯ.

ಜನನಾಂಗದ ಸೋಂಕು

ಬಿಳಿಸೆರಗೆಲ್ಲವೂ ರೋಗವಲ್ಲ, ತಿಳಿಯಾದ, ವಾಸನೆಯಿಲ್ಲದ ಸ್ರಾವ ಸಹಜ. ಮೊಸರಿನಂತಹ ಸ್ರಾವ ಮತ್ತು ತುರಿಕೆ ಸಾಮಾನ್ಯವಾಗಿ ಶಿಲೀಂಧ್ರದ ಸೋಂಕನ್ನು ಸೂಚಿಸುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಇದು ಹೆಚ್ಚು. ದುರ್ವಾಸನೆ, ಹಳದಿ ಅಥವಾ ಹಸಿರು ಬಣ್ಣ, ಕೆಳಹೊಟ್ಟೆಯ ನೋವು ಇದ್ದರೆ ತಪಾಸಣೆ ಮಾಡಿಸಲೇಬೇಕು. ಕ್ಲಮೀಡಿಯಾ, ಗೊನೊರಿಯಾ ಮೊದಲಾದವು ಲೈಂಗಿಕ ಸಂಪರ್ಕದಿಂದ ಹರಡುತ್ತವೆ. ಕ್ಲಮೀಡಿಯಾ ಬಹುತೇಕ ಸ್ತ್ರೀಯರಲ್ಲಿ ಸದ್ದಿಲ್ಲದೆ ಇರುತ್ತದೆ. ಸದ್ದಿಲ್ಲದೆಯೇ ಗರ್ಭಕೋಶ ಹಾಗೂ ಗರ್ಭನಾಳಗಳಿಗೆ ಏರಿ ಉರಿಯೂತವನ್ನು ಉಂಟುಮಾಡಬಲ್ಲದು. ನಾಳಗಳು ಅಂಟಿಕೊಂಡರೆ ಬಂಜೆತನ. ಗರ್ಭ ನಾಳದಲ್ಲಿಯೇ ನಿಂತು ಅದು ಒಡೆದರೆ ಪ್ರಾಣಾಪಾಯ. ಕ್ಷಯದ ರೋಗಾಣು ಕೂಡ ಗರ್ಭನಾಳವನ್ನು ಹಾಳುಗೆಡವಬಲ್ಲದು. ನಮ್ಮ ದೇಶದಲ್ಲಿ ಬಂಜೆತನದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಪುರುಷರಲ್ಲಿ ವೃಷಣದ ಊತ, ನೋವು ಉಂಟಾಗಬಹುದು. ಹೀಗಿರುವಾಗ ಮಕ್ಕಳಾಗಲಿಲ್ಲವೆಂದು ಸೊಸೆಯೊಬ್ಬಳನ್ನೇ ದೂಷಿಸುವುದು ಅನ್ಯಾಯ. ಲೈಂಗಿಕವಾಗಿ ಹರಡುವ ಸೋಂಕಿಗೆ ಪತಿಪತ್ನಿಯರಿಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಇಲ್ಲವಾದರೆ ಅದು ಒಬ್ಬರಿಂದೊಬ್ಬರಿಗೆ ಮರಳುತ್ತದೆ.

ನಗರದ ಬದುಕು

ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆ ಪಯಣಿಸಿ ಕಚೇರಿ ಸೇರುವ ಹೆಂಗಸರು ಬೆಳಿಗ್ಗೆ ನೀರನ್ನೇ ಕುಡಿಯದಿರುವುದನ್ನು ನಾನು ಬಲ್ಲೆ. ದಾರಿಯಲ್ಲಿ ಶೌಚಾಲಯವಿಲ್ಲ, ಇದ್ದರೂ ಕಾಲಿಡುವಂತಿಲ್ಲ ಎಂಬುದು ಅವರ ಅಳಲು. ನಗದು ಕೌಂಟರಿನಲ್ಲಿ ಕುಳಿತ ದಿನಗಳಲ್ಲಿ ಸಾಲು ಕರಗುವವರೆಗೆ ತಡೆದುಕೊಂಡಿರುವುದು ನನಗೂ ರೂಢಿಯಾಗಿತ್ತು. ಮುಂಬಯಿಯಲ್ಲಿ 2011ರಲ್ಲಿ ಸ್ತ್ರೀಯರಿಗೆ ಉಚಿತ, ಸ್ವಚ್ಛ ಮೂತ್ರಾಲಯಗಳು ಬೇಕೆಂದು ‘ರೈಟ್ ಟು ಪೀ’ ಆಂದೋಲನ ಆರಂಭವಾದುದು ಈ ಕಷ್ಟದಿಂದಲೇ. ಇದು ಕೇವಲ ಸೌಕರ್ಯದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಚಿಕಿತ್ಸೆ ಮತ್ತು ಎಚ್ಚರ

ವೈದ್ಯರು ಮೂತ್ರದ ಕಲ್ಚರ್ ಪರೀಕ್ಷೆಗೆ ಬರೆದುಕೊಟ್ಟರೆ ಆ್ಯಂಟಿಬಯೊಟಿಕ್ ಆರಂಭಿಸುವ ಮೊದಲೇ ಮಾದರಿ ಕೊಡುವುದು ಒಳಿತು. ಮೊದಲ ಹನಿಗಳನ್ನು ಬಿಟ್ಟು ನಡುವಿನ ಮೂತ್ರವನ್ನು ಶುಭ್ರ ಡಬ್ಬಿಯಲ್ಲಿ ಹಿಡಿಯಬೇಕು. ರೋಗಾಣು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಸುಮಾರು ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ. ನೆರೆಯವರಿಗೆ ಗುಣವಾದ ಮಾತ್ರೆ, ಹಿಂದಿನ ಬಾರಿ ಉಳಿದ ಮಾತ್ರೆ, ಎರಡೂ ಬೇಡ. ಇಂತಹ ಬಳಕೆಯಿಂದಲೇ ಔಷಧಿಗೆ ಜಗ್ಗದ ರೋಗಾಣುಗಳು ಹೆಚ್ಚಿವೆ. 2014ರ ಮಾರ್ಚ್‌ನಿಂದ ಹಲವು ಆ್ಯಂಟಿಬಯೊಟಿಕ್‌ಗಳನ್ನು ‘ಎಚ್ 1’ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿರುವುದೂ ಇದೇ ಕಾರಣಕ್ಕೆ.

ಸಾಕಷ್ಟು ನೀರು ಕುಡಿಯಿರಿ, ಮೂತ್ರ ತಡೆಯಬೇಡಿ. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ಶುಚಿಗೊಳಿಸಿಕೊಳ್ಳುವುದನ್ನು ಹೆಣ್ಣುಮಕ್ಕಳಿಗೆ ಎಳವೆಯಲ್ಲಿಯೇ ಕಲಿಸಿರಿ. ಯೋನಿಯ ಒಳಭಾಗವನ್ನು ಸೋಪು, ಸುಗಂಧ ದ್ರವಗಳಿಂದ ತೊಳೆಯಬಾರದು. ಹತ್ತಿಯ ಒಳಉಡುಪು ಒಳ್ಳೆಯದು. ಮುಟ್ಟು ನಿಂತವರಿಗೆ ಸೋಂಕು ಮರುಕಳಿಸಿದರೆ ಅದಕ್ಕೂ ತಕ್ಕ ಚಿಕಿತ್ಸೆಯಿದೆ. ಮುಕ್ತವಾಗಿ ಮಾತನಾಡಲು ಅಳುಕುವವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ‘ಸುರಕ್ಷಾ’ ಕೇಂದ್ರಗಳಲ್ಲಿ ಸಲಹೆ, ಚಿಕಿತ್ಸೆ ಉಚಿತ. ವಿಷಯವನ್ನು ಗುಟ್ಟಾಗಿ ಇಡಲಾಗುತ್ತದೆ.

ಮನೆಯಲ್ಲಿ ತಾಯಿಯೋ ಅತ್ತೆಯೋ “ಏನಿಲ್ಲ, ಸ್ವಲ್ಪ ಉಷ್ಣ” ಎಂದಾಗ, ಎರಡು ದಿನ ಕಾಯದೆ ಜ್ವರ ಇದೆಯೇ ಎಂದು ವಿಚಾರಿಸಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಸಂಕೋಚ ಒಂದು ಕ್ಷಣದ್ದು. ಹಾಳಾದ ಮೂತ್ರಪಿಂಡದ ಕಷ್ಟ ಜೀವಮಾನದ್ದು.